ಇನ್ನೂರು ಫ್ರಾಂಕಿನ ಸಿಂಹಾಸನ: ಲೂಯಿ ಫಿಲಿಪ್‌ನ ಬದುಕು ಮತ್ತು ಆಳ್ವಿಕೆ

ಮಾನ್ಯರೆ,

1848ರ ಫೆಬ್ರವರಿ 22ರ ಬೆಳಿಗ್ಗೆ ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ಗೆ ಸಂವಿಧಾನಬದ್ಧ ಅರಸನೊಬ್ಬನಿಗೆ ಬೇಕಾದದ್ದೆಲ್ಲವೂ ಇತ್ತು. ಪ್ರತಿನಿಧಿ ಸಭೆಯಲ್ಲಿ ಅವನ ಮಂತ್ರಿಮಂಡಲಕ್ಕೆ ಸ್ಪಷ್ಟ ಬಹುಮತವಿತ್ತು, ಸೈನ್ಯ ಅವನ ಅಪ್ಪಣೆಯಲ್ಲಿತ್ತು, ಯುರೋಪಿನ ಯಾವ ರಾಜ್ಯದೊಡನೆಯೂ ಯುದ್ಧವಿರಲಿಲ್ಲ, ಪ್ರಾಯಕ್ಕೆ ಬಂದ ನಾಲ್ವರು ಗಂಡುಮಕ್ಕಳಿದ್ದರು. ಅದರ ಮೂರನೆಯ ದಿನ, 24ರ ಮಧ್ಯಾಹ್ನ, ಎಪ್ಪತ್ತನಾಲ್ಕು ವರ್ಷದ ಆ ಮುದುಕ ಪದತ್ಯಾಗದ ಪತ್ರವನ್ನು ಸ್ವಹಸ್ತದಿಂದ ಬರೆದುಕೊಟ್ಟು, ಹೆಂಡತಿಯ ಕೈ ಹಿಡಿದು, ತ್ವೀಲರಿ ಅರಮನೆಯ ತೋಟದ ಮೂಲಕ ನಡೆದು ಕಾಂಕಾರ್ಡ್ ಚೌಕಕ್ಕೆ ಬಂದು, ಅಲ್ಲಿ ನಿಂತಿದ್ದ ಚಿಕ್ಕ ಗಾಡಿಯೊಂದನ್ನು ಹತ್ತಿ ಪ್ಯಾರಿಸ್ ಬಿಟ್ಟು ಹೊರಟುಹೋದ. ಅವನನ್ನು ಉಳಿಸಿಕೊಳ್ಳಲು ಪ್ರಾಣ ಕೊಡುವೆನೆಂದು ಮುಂದೆ ಬಂದವರು ಬಹಳ ಕಡಿಮೆ. ಫ್ರಾನ್ಸಿನ ಕೊನೆಯ ದೊರೆ ಅವನು. ಅವನ ಬಳಿಕ ಆ ದೇಶ ಒಬ್ಬ ಚಕ್ರವರ್ತಿಯನ್ನು ಕಂಡಿತೇ ಹೊರತು ಇನ್ನೊಬ್ಬ ದೊರೆಯನ್ನು ಕಾಣಲಿಲ್ಲ.

ಕ್ರೂರಿಯಲ್ಲದ, ದಡ್ಡನಲ್ಲದ, ಸೋಮಾರಿಯೂ ಅಲ್ಲದ ಒಬ್ಬ ಅರಸ ಇಷ್ಟು ಸುಲಭವಾಗಿ ಬಿದ್ದದ್ದೇಕೆ ಎಂಬುದೇ ಇಂದಿನ ಉಪನ್ಯಾಸದ ವಿಷಯ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಜನರ ದಂಗೆಯಿಂದ ಪಟ್ಟಕ್ಕೆ ಬಂದ ಲೂಯಿ ಫಿಲಿಪ್ ಹದಿನೆಂಟು ವರ್ಷಗಳ ಕಾಲ ಜನರನ್ನು ಕೇಳದೆಯೇ ಆಳಿದ. ಸಭೆಯಲ್ಲಿ ತನಗಿದ್ದ ಬಹುಮತವೇ ದೇಶದ ಸಮ್ಮತಿಯೆಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಆ ನಂಬಿಕೆ ಅವನಲ್ಲಿ ಹೇಗೆ ಬೇರೂರಿತೆಂಬುದನ್ನು ತಿಳಿಯಬೇಕಾದರೆ ಅವನ ಯೌವನದಿಂದಲೇ ಆರಂಭಿಸಬೇಕು.

ಲೂಯಿ ಫಿಲಿಪ್ ಹುಟ್ಟಿದ್ದು 1773ರ ಅಕ್ಟೋಬರ್ 6ರಂದು, ಪ್ಯಾರಿಸ್ಸಿನ ಪಾಲೆ ರೋಯಲ್ ಅರಮನೆಯಲ್ಲಿ. ಅವನದು ಬೂರ್ಬೋನ್ ರಾಜವಂಶದ ಕಿರಿಯ ಶಾಖೆಯಾದ ಓರ್ಲೆಯಾಂ ಮನೆತನ. ಸಂಪತ್ತಿನಲ್ಲಿ ದೊರೆಗೆ ಹೆಗಲೆಣೆಯಾಗಿದ್ದರೂ ಸಿಂಹಾಸನದಿಂದ ಎರಡು ಹೆಜ್ಜೆ ಹಿಂದೆಯೇ ನಿಲ್ಲಬೇಕಾಗಿದ್ದ ಮನೆತನವದು. ಹಿರಿಯ ಶಾಖೆಗೂ ಅದಕ್ಕೂ ಹಿಂದಿನಿಂದಲೂ ಅಷ್ಟಕ್ಕಷ್ಟೆ. ಮಕ್ಕಳ ಶಿಕ್ಷಣವನ್ನು ಅವನ ತಂದೆ ಮದಾಮ್ ದ ಜಾನ್ಲಿಸ್ ಎಂಬ ಲೇಖಕಿಗೆ ವಹಿಸಿದ್ದ. ರಾಜಕುಮಾರರ ಗುರುಪೀಠದಲ್ಲಿ ಒಬ್ಬ ಹೆಂಗಸು ಕೂರುವುದು ಆ ಕಾಲಕ್ಕೆ ಅಚ್ಚರಿಯ ಸಂಗತಿ. ಆಕೆ ಹುಡುಗರನ್ನು ಗಟ್ಟಿಹಾಸಿಗೆಯ ಮೇಲೆ ಮಲಗಿಸಿದಳು, ಬಡಗಿಯ ಕೆಲಸ ಮತ್ತು ತೋಟಗಾರಿಕೆ ಕಲಿಸಿದಳು, ಇಂಗ್ಲಿಷ್, ಜರ್ಮನ್, ಇಟಾಲಿಯನ್ ಭಾಷೆಗಳನ್ನು ಮಾತನಾಡಿಸಿಯೇ ಕಲಿಸಿದಳು. ಮುಂದೆ ದೇಶದಿಂದ ದೇಶಕ್ಕೆ ಅಲೆದ ಇಪ್ಪತ್ತು ವರ್ಷಗಳಲ್ಲಿ ಈ ಕಲಿಕೆಯೇ ಅವನ ಕೈಹಿಡಿಯಿತು.

1789ರಲ್ಲಿ ಕ್ರಾಂತಿ ಆರಂಭವಾದಾಗ ಅವನಿಗೆ ಹದಿನೈದು ವರ್ಷ. ತಂದೆಯೂ ಗುರುವೂ ಕ್ರಾಂತಿಯ ಪರವಾಗಿದ್ದರು. ಹುಡುಗನೂ ಮನಸಾರೆ ಅದಕ್ಕೆ ಒಲಿದು 1790ರಲ್ಲಿ ಕ್ರಾಂತಿವಾದಿಗಳ ರಾಜಕೀಯ ಸಂಘವಾದ ಜಾಕೊಬಿನ್ ಕೂಟದ ಸದಸ್ಯನಾದ. 1792ರ ಸೆಪ್ಟೆಂಬರ್ 20ರಂದು ವಾಲ್ಮಿಯಲ್ಲಿ ಪ್ರಷ್ಯದ ಸೈನ್ಯವನ್ನು ತಡೆದು ನಿಲ್ಲಿಸಿದ ಫ್ರೆಂಚ್ ಪಡೆಯಲ್ಲಿ ಅವನು ಸೇನಾಧಿಕಾರಿಯಾಗಿದ್ದ. ನವೆಂಬರ್ 6ರಂದು ಜೆಮಾಪ್‌ನಲ್ಲಿ ಆಸ್ಟ್ರಿಯನ್ನರ ಮೇಲೆ ದೊರೆತ ಗೆಲುವಿನಲ್ಲಿ, ಚದುರಿಹೋಗುತ್ತಿದ್ದ ದಳಗಳನ್ನು ಒಟ್ಟುಗೂಡಿಸಿ ಮತ್ತೆ ಮುನ್ನುಗ್ಗಿಸಿದ ಹಿರಿಮೆಯೂ ಅವನದೇ. ಈ ಎರಡು ಯುದ್ಧಗಳ ಹೆಸರನ್ನು ಅವನು ಸಾಯುವವರೆಗೂ ಬಿಡಲಿಲ್ಲ. ತ್ರಿವರ್ಣ ಧ್ವಜದ ಕೆಳಗೆ ಹೋರಾಡಿದ ರಾಜಕುಮಾರನೆಂಬ ಕೀರ್ತಿ ಮುಂದೆ ಅವನ ದೊಡ್ಡ ಆಸ್ತಿಯಾಯಿತು.

ಆದರೆ ಅದೇ ಚಳಿಗಾಲದಲ್ಲಿ ಆ ಮನೆತನದ ಮೇಲೆ ಅಳಿಸಲಾಗದ ಕಲೆಯೊಂದು ಬಿತ್ತು. ಸಮಾನತೆಯ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು ಫಿಲಿಪ್ ಎಗಾಲಿತೆ ಎನಿಸಿಕೊಂಡಿದ್ದ ಅವನ ತಂದೆ ಕ್ರಾಂತಿಕಾಲದ ಶಾಸನಸಭೆಯಾದ ರಾಷ್ಟ್ರೀಯ ಸಮಾವೇಶದ ಸದಸ್ಯನಾಗಿದ್ದ. 1793ರ ಜನವರಿಯಲ್ಲಿ ಲೂಯಿ 16ನೆಯವನ ಶಿಕ್ಷೆಯ ಪ್ರಶ್ನೆ ಬಂದಾಗ ಆತ ಸ್ವಂತ ದಾಯಾದಿಯ ಮರಣಕ್ಕೆ ಮತ ಹಾಕಿದ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದಿಂದ ಕಳುಹಿಸಿದ ಮೂವರು ರಾಯಭಾರಿಗಳನ್ನು 1788ರ ಆಗಸ್ಟಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ವೈಭವದಿಂದ ಬರಮಾಡಿಕೊಂಡ ದೊರೆಯೇ ಈ ಲೂಯಿ. ಐದು ವರ್ಷ ತುಂಬುವ ಮೊದಲೇ ಅವನ ತಲೆ ಗಿಲೋಟಿನ್ನಿಗೆ ಬಿತ್ತು. ತಂದೆಯ ಈ ಮತ ಮಗನನ್ನು ಕಂಗೆಡಿಸಿತು. ಏಪ್ರಿಲಿನಲ್ಲಿ, ಸರ್ಕಾರದ ವಿರುದ್ಧ ಸಂಚು ನಡೆಸಿ ಸೋತ ದಂಡನಾಯಕ ದ್ಯುಮೂರಿಯೆಯೊಡನೆ ಹತ್ತೊಂಬತ್ತರ ಲೂಯಿ ಫಿಲಿಪ್ ಗಡಿ ದಾಟಿ ಆಸ್ಟ್ರಿಯನ್ನರ ಕಡೆ ಸೇರಿದ. ಮಗ ಓಡಿಹೋದದ್ದೇ ತಂದೆಯ ಬಂಧನಕ್ಕೆ ನೆಪವಾಯಿತು. ನವೆಂಬರ್ 6ರಂದು, ಜೆಮಾಪ್ ಗೆಲುವಿಗೆ ಸರಿಯಾಗಿ ಒಂದು ವರ್ಷವಾದ ದಿನ, ಎಗಾಲಿತೆಯ ತಲೆಯೂ ಉರುಳಿತು.

ಆ ವಾರ್ತೆ ಬಂದಾಗ ಮಗ ಸ್ವಿಟ್ಜರ್ಲೆಂಡಿನ ರೈಶೆನೌ ಎಂಬ ಊರಿನ ಶಾಲೆಯಲ್ಲಿ ಸುಳ್ಳು ಹೆಸರಿನಲ್ಲಿ ಭೂಗೋಳ, ಗಣಿತ ಮತ್ತು ಭಾಷೆಗಳನ್ನು ಕಲಿಸಿ ಹೊಟ್ಟೆ ಹೊರೆಯುತ್ತಿದ್ದ. ಇಲ್ಲಿ ಅವನ ಸ್ಥಿತಿಯನ್ನು ಕೊಂಚ ನಿಂತು ಯೋಚಿಸಬೇಕು. ಗಣರಾಜ್ಯದವರಿಗೆ ಅವನು ದೇಶದ್ರೋಹಿ. ದೇಶ ಬಿಟ್ಟು ಓಡಿಬಂದಿದ್ದ ರಾಜಪಕ್ಷದವರಿಗೆ ಅವನು ರಾಜಹಂತಕನ ಮಗ. ಯುರೋಪಿನಲ್ಲಿ ಅವನನ್ನು ನಿರ್ಭಯವಾಗಿ ಒಳಗೆ ಕರೆಯುವ ಮನೆಗಳೇ ಇರಲಿಲ್ಲ. ಅವನು ಉತ್ತರಕ್ಕೆ ನಡೆದು ನಾರ್ವೆಯ ತುತ್ತತುದಿಯವರೆಗೆ ಹೋದ. 1796ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. ಇಬ್ಬರು ತಮ್ಮಂದಿರು ಬಂದು ಕೂಡಿಕೊಂಡ ಮೇಲೆ ವಾಷಿಂಗ್ಟನ್ನನ ಮನೆಯಲ್ಲಿ ಅತಿಥಿಯಾಗಿದ್ದು, ಕುದುರೆಯ ಮೇಲೂ ದೋಣಿಯಲ್ಲೂ ಒಳನಾಡು ಸುತ್ತಿ ಮಿಸಿಸಿಪ್ಪಿ ನದಿಗುಂಟ ನ್ಯೂ ಆರ್ಲಿಯನ್ಸ್ ತಲುಪಿದ. 1800ರಲ್ಲಿ ಇಂಗ್ಲೆಂಡಿಗೆ ಬಂದು ಬೂರ್ಬೋನ್ ಹಿರಿಯರೊಡನೆ ರಾಜಿ ಮಾಡಿಕೊಂಡ. ಇಬ್ಬರು ತಮ್ಮಂದಿರೂ ಕ್ಷಯರೋಗದಿಂದ ಒಂದು ವರ್ಷದ ಅಂತರದಲ್ಲಿ ತೀರಿಕೊಂಡರು. 1809ರಲ್ಲಿ ಪಲೆರ್ಮೊ ನಗರದಲ್ಲಿ ಅವನು ನೇಪಲ್ಸಿನ ರಾಜಕುಮಾರಿ ಮರಿಯ ಅಮಾಲಿಯಳನ್ನು ಮದುವೆಯಾದ. ಆಕೆ ಗಿಲೋಟಿನ್ನಿಗೆ ಬಲಿಯಾದ ರಾಣಿ ಮರಿ ಆಂತ್ವಾನೆತಳ ಅಕ್ಕನ ಮಗಳು. ದೊರೆಯ ಮರಣಕ್ಕೆ ಮತ ಹಾಕಿದವನ ಮಗನನ್ನು ಕೈಹಿಡಿದ ಈ ಹೆಣ್ಣು ಹತ್ತು ಮಕ್ಕಳ ತಾಯಿಯಾಗಿ, ನಲವತ್ತು ವರ್ಷಗಳ ಸಂಸಾರದಲ್ಲಿ ಅವನ ಜೊತೆ ಬಿಡಲಿಲ್ಲ. ಅವನ ಖಾಸಗಿ ಬದುಕಿನ ಬಗ್ಗೆ ಶತ್ರುಗಳಿಗೂ ಆಡಿಕೊಳ್ಳಲು ಏನೂ ಸಿಗಲಿಲ್ಲವೆಂಬುದು ಆ ಕಾಲದ ರಾಜಮನೆತನಗಳಲ್ಲಿ ಅಪರೂಪದ ಮಾತು.

ನೆಪೋಲಿಯನ್ನನ ಪತನದ ನಂತರ ಲೂಯಿ 18ನೆಯವನೂ ಅವನ ತಮ್ಮ ಶಾರ್ಲ್ 10ನೆಯವನೂ ಆಳಿದ ಹದಿನೈದು ವರ್ಷ ಓರ್ಲೆಯಾಂ ಡ್ಯೂಕನಾಗಿ ಅವನು ತಾಳ್ಮೆಯಿಂದಿದ್ದ. ಆಸ್ತಿಯನ್ನು ಮರಳಿ ಪಡೆದ, ಗಂಡುಮಕ್ಕಳನ್ನು ಸಾಮಾನ್ಯ ಶ್ರೀಮಂತರ ಮಕ್ಕಳೊಡನೆ ಕಾಲೇಜಿಗೆ ಕಳುಹಿಸಿದ, ಉದಾರವಾದಿ ಬ್ಯಾಂಕಿನವರನ್ನೂ ಪತ್ರಕರ್ತರನ್ನೂ ತನ್ನ ಮನೆಯ ಊಟಕ್ಕೆ ಕರೆದ. ಸಂಚು ಮಾಡಿದನೆಂದು ಹೇಳಲು ಆಧಾರವಿಲ್ಲ. ಆದರೆ ಹಿರಿಯ ಶಾಖೆ ಎಡವಿದರೆ ಜನ ಯಾರ ಕಡೆ ನೋಡಬಹುದೆಂಬುದು ಪ್ಯಾರಿಸ್ಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದು ಎಡವಿಯೇ ಎಡವಿತು. 1830ರ ಜುಲೈ 26ರಂದು ಪ್ರಕಟವಾದ ಸುಗ್ರೀವಾಜ್ಞೆಗಳಿಂದ ಶಾರ್ಲ್ 10ನೆಯವನು ಪತ್ರಿಕಾ ಸ್ವಾತಂತ್ರ್ಯವನ್ನು ಕಿತ್ತುಕೊಂಡ, ಆಗಷ್ಟೇ ಆಯ್ಕೆಯಾಗಿದ್ದ ಪ್ರತಿನಿಧಿ ಸಭೆಯನ್ನು ಅದು ಸೇರುವ ಮೊದಲೇ ವಿಸರ್ಜಿಸಿದ, ಮತದಾರರ ಸಂಖ್ಯೆಯನ್ನು ಇನ್ನಷ್ಟು ಕುಗ್ಗಿಸಿದ. ಮೊದಲು ಪ್ರತಿಭಟಿಸಿದವರು ಪತ್ರಕರ್ತರು ಮತ್ತು ಮುದ್ರಣಾಲಯದ ಕೆಲಸಗಾರರು. 27, 28, 29ರಂದು ಬೀದಿಗಳಲ್ಲಿ ಅಡ್ಡಗಟ್ಟೆ ಕಟ್ಟಿ ಹೋರಾಡಿ ಸತ್ತವರು ಬಹುಮಟ್ಟಿಗೆ ಕುಶಲಕರ್ಮಿಗಳು. ಅವರಲ್ಲಿ ಮತದಾನದ ಹಕ್ಕಿದ್ದವರು ಇಲ್ಲವೆನ್ನುವಷ್ಟು ವಿರಳ. ಇದನ್ನು ದಯವಿಟ್ಟು ನೆನಪಿನಲ್ಲಿಡಿ.

30ರ ಬೆಳಿಗ್ಗೆ ಪ್ಯಾರಿಸ್ಸಿನ ಗೋಡೆಗಳ ಮೇಲೆ ಯುವ ಪತ್ರಕರ್ತ ಅದೋಲ್ಫ್ ತಿಯೇರ್ ಮತ್ತು ಅವನ ಗೆಳೆಯರು ಸಿದ್ಧಪಡಿಸಿದ ಭಿತ್ತಿಪತ್ರ ಕಾಣಿಸಿತು. ಶಾರ್ಲ್ ಇನ್ನು ಪ್ಯಾರಿಸ್ಸಿಗೆ ಮರಳಲಾರ, ಗಣರಾಜ್ಯ ಬಂದರೆ ದೇಶ ಒಡೆದೀತು, ಯುರೋಪಿನೊಡನೆ ಜಗಳವಾದೀತು. ಓರ್ಲೆಯಾಂ ಡ್ಯೂಕನಾದರೋ ಜೆಮಾಪ್‌ನಲ್ಲಿ ಹೋರಾಡಿದವನು ಎಂಬುದು ಅದರ ಸಾರಾಂಶ. ಅದೇ ದಿನ ತಿಯೇರ್ ನೆಯಿ ಅರಮನೆಗೆ ಹೋದಾಗ ಡ್ಯೂಕ್ ಅಲ್ಲಿರಲಿಲ್ಲ. ಅವನ ಪರವಾಗಿ ಮಾತು ಕೊಟ್ಟವಳು ತಂಗಿ ಅದೆಲಾಯಿದ್. ಅಣ್ಣನ ಆಳ್ವಿಕೆಯುದ್ದಕ್ಕೂ ಅವನ ಅತ್ಯಂತ ನಂಬಿಕೆಯ ಸಲಹೆಗಾರಳಾಗಿದ್ದವಳು ಆಕೆ. 31ರಂದು ಅವನು ಗಣರಾಜ್ಯವಾದಿಗಳಿಂದ ಕಿಕ್ಕಿರಿದಿದ್ದ ನಗರಸಭಾ ಭವನಕ್ಕೆ ಬಂದ. ದಾರಿಯುದ್ದಕ್ಕೂ ಬೈಗುಳ, ಗೊಣಗಾಟ. ಭವನದ ಕಿಟಕಿಯಲ್ಲಿ, ಅಮೆರಿಕದ ಸ್ವಾತಂತ್ರ್ಯಯುದ್ಧದ ವೀರನಾದ ಮುದಿ ಲಾಫಾಯೆತ್ ಅವನ ಕೈಗೆ ತ್ರಿವರ್ಣ ಧ್ವಜ ಕೊಟ್ಟು ಎಲ್ಲರೆದುರು ಅಪ್ಪಿಕೊಂಡ. ಗುಂಪು ಜಯಕಾರ ಹಾಕಿತು. ಆ ಗಳಿಗೆಯೇ ಅವನಿಗೆ ನಿಜವಾದ ಪಟ್ಟಾಭಿಷೇಕ.

ಆಗಸ್ಟ್ 2ರಂದು ಶಾರ್ಲ್ 10ನೆಯವನು ಒಂಬತ್ತು ವರ್ಷದ ತನ್ನ ಮೊಮ್ಮಗನಿಗೆ ಪಟ್ಟ ಬಿಟ್ಟುಕೊಟ್ಟು, ಆ ಮಗುವನ್ನು ದೊರೆಯೆಂದು ಸಾರುವ ಹೊಣೆಯನ್ನು ಲೂಯಿ ಫಿಲಿಪ್‌ಗೇ ಒಪ್ಪಿಸಿದ. ಲೂಯಿ ಫಿಲಿಪ್ ಪದತ್ಯಾಗದ ಸುದ್ದಿಯನ್ನು ಸಭೆಗೆ ತಿಳಿಸಿದ, ಮಗುವಿನ ಹಕ್ಕನ್ನು ಎತ್ತಲಿಲ್ಲ. ರಾಜಪಕ್ಷದವರು ಇದನ್ನು ವಿಶ್ವಾಸದ್ರೋಹವೆಂದರು; ಅವರ ದೃಷ್ಟಿಯಿಂದ ಅದು ಸರಿಯೂ ಹೌದು. ಆದರೆ ಆ ವಾರದ ಪ್ಯಾರಿಸ್ಸಿನಲ್ಲಿ ಶಾರ್ಲನ ಮೊಮ್ಮಗನ ಹೆಸರೆತ್ತಿದ್ದರೆ ಗಣರಾಜ್ಯವೇ ಬರುತ್ತಿತ್ತೆಂದು ನನಗೆ ಅನಿಸುತ್ತದೆ. ಆಗಸ್ಟ್ 7ರಂದು ಪ್ರತಿನಿಧಿ ಸಭೆ 219 ಮತಗಳಿಗೆ 33ರಂತೆ ಅವನನ್ನು ಸಿಂಹಾಸನಕ್ಕೆ ಕರೆಯಿತು. 9ರಂದು ರೀಮ್ಸಿನ ಕ್ಯಾಥೆಡ್ರಲ್ಲಾಗಲಿ ಪವಿತ್ರ ತೈಲದ ಲೇಪನವಾಗಲಿ ಇಲ್ಲದೆ, ಪ್ರತಿನಿಧಿಗಳ ಎದುರು ಸನ್ನದಿಗೆ, ಅಂದರೆ ಸಂವಿಧಾನಕ್ಕೆ, ಪ್ರಮಾಣ ಮಾಡಿ ಅವನು ಫ್ರೆಂಚ್ ಜನರ ದೊರೆಯಾದ. ಹಿಂದಿನ ಸನ್ನದು ದೊರೆ ದಯಪಾಲಿಸಿದ ದಾನವಾಗಿತ್ತು. ಈಗಿನದು ದೊರೆಗೂ ಸಭೆಗೂ ನಡುವಣ ಒಪ್ಪಂದ.

ಆದರೆ ಸಭೆಯೆಂದರೆ ಯಾರು? ಇಡೀ ಆಳ್ವಿಕೆಯ ಗಂಟು ಇರುವುದು ಈ ಪ್ರಶ್ನೆಯಲ್ಲಿ. 1831ರ ಚುನಾವಣಾ ಕಾಯಿದೆಯ ಪ್ರಕಾರ ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವ, 25 ವರ್ಷ ದಾಟಿದ ಗಂಡಸರಿಗೆ ಮಾತ್ರ ಮತ; ಸಭೆಗೆ ಸ್ಪರ್ಧಿಸಲು 500 ಫ್ರಾಂಕ್ ತೆರಿಗೆ ಕಟ್ಟುವವನಾಗಿರಬೇಕು. ಮೂರೂಕಾಲು ಕೋಟಿ ಜನರ ದೇಶದಲ್ಲಿ ಮತದಾರರು ಸುಮಾರು 1,66,000. ಹಿಂದಿನ ಆಳ್ವಿಕೆಯ 300 ಫ್ರಾಂಕಿನ ಮಿತಿಗೆ ಹೋಲಿಸಿದರೆ ಇದು ಸುಧಾರಣೆಯೇ. ಆದರೆ ಜುಲೈನಲ್ಲಿ ಗುಂಡಿಗೆ ಎದೆಯೊಡ್ಡಿದ ಕಂಪಾಸಿಟರನಿಗೂ ಬಡಗಿಗೂ ಅದರಿಂದ ಏನೂ ದಕ್ಕಲಿಲ್ಲ. ವಕೀಲ, ವೈದ್ಯ, ಉಪಾಧ್ಯಾಯರಲ್ಲೂ ಬಹುಮಂದಿ ಹೊರಗೇ ಉಳಿದರು. ಹಣವಿದ್ದವನಿಗೆ ಮಾತ್ರ ಸ್ವತಂತ್ರ ತೀರ್ಮಾನದ ಶಕ್ತಿಯಿರುತ್ತದೆ ಎಂಬುದು ಆ ಪೀಳಿಗೆಯ ಉದಾರವಾದಿಗಳ ಸಿದ್ಧಾಂತ. ಕ್ರಾಂತಿಯ ಭೀಕರ ದಿನಗಳನ್ನು ದಾಟಿ ಬದುಕಿ ಬಂದಿದ್ದ ಲೂಯಿ ಫಿಲಿಪ್‌ಗೆ ಅದು ಸಿದ್ಧಾಂತಕ್ಕಿಂತ ಮಿಗಿಲಾಗಿ ತಂದೆಯನ್ನು ನುಂಗಿದ ಗುಂಪಿನಿಂದ ಸಿಕ್ಕ ರಕ್ಷಣೆ. ಅವನ ಭಯವನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಆ ಭಯವೇ ಅವನ ಕಣ್ಣಿಗೆ ಪರದೆ ಕಟ್ಟಿತು.

ಮೊದಲ ಐದು ವರ್ಷ ಒಂದರ ಮೇಲೊಂದು ಪೆಟ್ಟು. 1831ರ ನವೆಂಬರಿನಲ್ಲಿ ಲಿಯೋನ್ ನಗರದ ರೇಷ್ಮೆ ನೇಕಾರರು ಕನಿಷ್ಠ ಕೂಲಿಯ ದರಪಟ್ಟಿಗಾಗಿ ಎದ್ದರು. ಜಿಲ್ಲಾಧಿಕಾರಿ ಎರಡೂ ಕಡೆಯವರನ್ನು ಕೂರಿಸಿ ದರ ಗೊತ್ತುಮಾಡಿಸಿದ್ದರೂ ಕೆಲವು ವ್ಯಾಪಾರಿಗಳು ಅದನ್ನು ಪಾಲಿಸಲು ಒಪ್ಪಲಿಲ್ಲ. ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ ಎಂದು ಕಪ್ಪು ಬಾವುಟದ ಮೇಲೆ ಬರೆದುಕೊಂಡು ನೇಕಾರರು ಇಡೀ ನಗರವನ್ನೇ ವಶಕ್ಕೆ ತೆಗೆದುಕೊಂಡರು; ವಿಶೇಷವೆಂದರೆ ಲೂಟಿ ಮಾಡಲಿಲ್ಲ. ಸೈನ್ಯ ಬಂದು ನಗರವನ್ನು ಮರಳಿ ಪಡೆಯಿತು, ದರಪಟ್ಟಿ ರದ್ದಾಯಿತು, ಅದನ್ನು ಮಾಡಿಸಿದ ಜಿಲ್ಲಾಧಿಕಾರಿ ಕೆಲಸ ಕಳೆದುಕೊಂಡ. ಕೂಲಿಯ ವಿಷಯದಲ್ಲಿ ಸರ್ಕಾರ ಕೈಹಾಕಬಾರದೆಂಬುದು ಮಂತ್ರಿಗಳ ನಿಲುವಾಗಿತ್ತು. ಮರುವರ್ಷ ಕಾಲರಾ ಬಂತು. ಪ್ಯಾರಿಸ್ ಒಂದರಲ್ಲೇ ಸುಮಾರು 18,000 ಜನ ಸತ್ತರು. ದೊರೆಯ ಹಿರಿಯ ಮಗನೊಡನೆ ಆಸ್ಪತ್ರೆಯಲ್ಲಿ ರೋಗಿಗಳನ್ನು ಕಂಡು ಮಾತನಾಡಿಸಿ ಬಂದ ಪ್ರಧಾನಿ ಕಾಸಿಮಿರ್ ಪೆರಿಯೆ ಅದೇ ರೋಗಕ್ಕೆ ತುತ್ತಾದ. ಜೂನಿನಲ್ಲಿ ಪ್ಯಾರಿಸ್ಸಿನ ಗಣರಾಜ್ಯವಾದಿಗಳು ಎದ್ದಾಗ ದೊರೆ ಸ್ವತಃ ಕುದುರೆಯೇರಿ ಬೀದಿಗಳಲ್ಲಿ ಸುತ್ತಿದ. ಧೈರ್ಯಕ್ಕೆ ಅವನಲ್ಲಿ ಎಂದೂ ಕೊರತೆಯಿರಲಿಲ್ಲ.

1835ರ ಜುಲೈ 28ರಂದು, ಕ್ರಾಂತಿಯ ವಾರ್ಷಿಕೋತ್ಸವದ ಕವಾಯತಿನ ವೇಳೆ, ಫಿಯೆಸ್ಕಿ ಎಂಬವನು ಇಪ್ಪತ್ತೈದು ಬಂದೂಕಿನ ನಳಿಗೆಗಳನ್ನು ಸಾಲಾಗಿ ಜೋಡಿಸಿದ ಯಂತ್ರದಿಂದ ಕಿಟಕಿಯೊಂದರಿಂದ ಗುಂಡು ಹಾರಿಸಿದ. ನೆಪೋಲಿಯನ್ನನ ಕಾಲದ ಮಾರ್ಷಲ್ ಮೊರ್ತಿಯೆಯೂ ಸೇರಿ ಹದಿನೆಂಟು ಮಂದಿ ಸತ್ತರು. ದೊರೆಯ ಹಣೆಯನ್ನು ಗುಂಡೊಂದು ಸವರಿಹೋಯಿತು. ಅವನು ಕವಾಯತನ್ನು ಪೂರ್ತಿಗೊಳಿಸಿಯೇ ಅರಮನೆಗೆ ಮರಳಿದ. ಅವನ ಆಳ್ವಿಕೆಯಲ್ಲಿ ಇಂಥ ಕೊಲೆಯತ್ನಗಳು ಏಳೆಂಟು ನಡೆದವು. ಮರಣದಂಡನೆಯ ಕಡತಗಳನ್ನು ರಾತ್ರಿ ತಾನೇ ಕೂತು ಓದಿ, ಸಾಧ್ಯವಾದಲ್ಲೆಲ್ಲ ಶಿಕ್ಷೆ ಇಳಿಸುತ್ತಿದ್ದ ಮನುಷ್ಯನಿಗೆ ಬಂದ ಪಾಲು ಇದು. ಆದರೆ ಈ ಘಟನೆಯಾದ ಕೂಡಲೆ, ಸೆಪ್ಟೆಂಬರಿನಲ್ಲಿ, ಅವನ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆಗಳನ್ನು ತಂದಿತು. ಅದಕ್ಕೂ ಮೊದಲು, ವ್ಯಂಗ್ಯಪತ್ರಿಕೆಯ ಸಂಪಾದಕ ಶಾರ್ಲ್ ಫಿಲಿಪೋನ್ ನ್ಯಾಯಾಲಯದಲ್ಲೇ ದೊರೆಯ ಮುಖವನ್ನು ಹಂತಹಂತವಾಗಿ ಪೇರ್‌ಹಣ್ಣಾಗಿಸಿ ತೋರಿಸಿದ್ದ. ಜನರ ತೆರಿಗೆ ನುಂಗುವ ದೈತ್ಯನಂತೆ ದೊರೆಯನ್ನು ಚಿತ್ರಿಸಿದ ವ್ಯಂಗ್ಯಚಿತ್ರಕಾರ ದೋಮಿಯೆ ಸೆರೆಮನೆ ಕಂಡಿದ್ದ. 1834ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ತ್ರಾನ್ಸ್‌ನೊನೆನ್ ಬೀದಿಯ ಮನೆಯೊಂದರಲ್ಲಿ ಸೈನಿಕರು ಕೊಂದ ನಿರಪರಾಧಿಗಳನ್ನು ಅದೇ ದೋಮಿಯೆ ಯಾವ ಉತ್ಪ್ರೇಕ್ಷೆಯೂ ಇಲ್ಲದೆ ಕಲ್ಲಚ್ಚಿನಲ್ಲಿ ಮೂಡಿಸಿದ್ದ. ಇನ್ನು ಮುಂದೆ ಸರ್ಕಾರದ ಅನುಮತಿಯಿಲ್ಲದೆ ಚಿತ್ರ ಅಚ್ಚಾಗುವಂತಿರಲಿಲ್ಲ. ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ನಡೆದ ಕ್ರಾಂತಿಯಿಂದ ಬಂದ ದೊರೆ ಐದೇ ವರ್ಷಗಳಲ್ಲಿ ಇಲ್ಲಿಗೆ ತಲುಪಿದ್ದು ನನ್ನ ಮನಸ್ಸಿಗೆ ನೋವಿನ ಸಂಗತಿ.

ಆದರೂ ಈ ಆಳ್ವಿಕೆಯನ್ನು ಕೇವಲ ದಮನದ ಕಥೆಯಾಗಿ ಹೇಳುವುದು ಅನ್ಯಾಯ. 1833ರಲ್ಲಿ ಶಿಕ್ಷಣ ಮಂತ್ರಿಯಾಗಿದ್ದ ಫ್ರಾನ್ಸ್ವಾ ಗಿಜೋ ತಂದ ಕಾಯಿದೆಯಿಂದ ಪ್ರತಿಯೊಂದು ಊರಾಡಳಿತವೂ ಹುಡುಗರಿಗೆ ಪ್ರಾಥಮಿಕ ಶಾಲೆಯನ್ನೂ ಪ್ರತಿಯೊಂದು ಜಿಲ್ಲೆಯೂ ಉಪಾಧ್ಯಾಯರ ತರಬೇತಿ ಶಾಲೆಯನ್ನೂ ನಡೆಸಬೇಕಾಯಿತು; ಹಳ್ಳಿಯ ಫ್ರಾನ್ಸ್ ಓದಲು ಕಲಿತದ್ದರ ಹಿಂದೆ ಈ ಕಾಯಿದೆಯಿದೆ. 1841ರಲ್ಲಿ ಎಂಟು ವರ್ಷದೊಳಗಿನ ಮಕ್ಕಳನ್ನು ದೊಡ್ಡ ಕಾರ್ಖಾನೆಗಳಲ್ಲಿ ದುಡಿಸುವುದನ್ನು ನಿಷೇಧಿಸಲಾಯಿತು, ಆದರೆ ಸಂಬಳದ ತನಿಖಾಧಿಕಾರಿಗಳನ್ನು ನೇಮಿಸದೆ ಹೋದದ್ದರಿಂದ ಅದು ಬಹುಪಾಲು ಕಾಗದದಲ್ಲೇ ಉಳಿಯಿತು. 1842ರ ಕಾಯಿದೆ ಪ್ಯಾರಿಸ್ಸಿನಿಂದ ಎಲ್ಲ ದಿಕ್ಕಿಗೂ ಹೊರಡುವ ರೈಲುಮಾರ್ಗಗಳ ನಕ್ಷೆ ಹಾಕಿತು: ನೆಲ, ಸೇತುವೆ, ಸುರಂಗ ಸರ್ಕಾರದ್ದು, ಹಳಿ, ಎಂಜಿನ್, ಬೋಗಿ ಕಂಪನಿಗಳದ್ದು.

ಹಳೆಯ ಗಾಯಗಳನ್ನು ಮಾಯಿಸಲು ಅವನು ಪಟ್ಟ ಪ್ರಯತ್ನ ನನಗೆ ವಿಶೇಷವಾಗಿ ಕಾಣುತ್ತದೆ. ಪಾಳುಬೀಳುತ್ತಿದ್ದ ವರ್ಸೇಲ್ಸ್ ಅರಮನೆಯನ್ನು ಬಹುಮಟ್ಟಿಗೆ ಸ್ವಂತ ಹಣದಿಂದ ದುರಸ್ತಿ ಮಾಡಿಸಿ 1837ರಲ್ಲಿ ಫ್ರಾನ್ಸಿನ ಸಮಸ್ತ ಕೀರ್ತಿಗೂ ಸಮರ್ಪಿತವಾದ ವಸ್ತುಸಂಗ್ರಹಾಲಯವಾಗಿ ತೆರೆದ; ಅಲ್ಲಿ ಹಳೆಯ ದೊರೆಗಳೂ ಗಣರಾಜ್ಯದ ಸೇನಾನಿಗಳೂ ನೆಪೋಲಿಯನ್ನನೂ ಒಂದೇ ಸೂರಿನಡಿ ಬಂದರು. ಗಿಲೋಟಿನ್ ನಿಂತಿದ್ದ, ಲೂಯಿ 16ನೆಯವನೂ ತನ್ನ ಸ್ವಂತ ತಂದೆಯೂ ತಲೆ ಕಳೆದುಕೊಂಡಿದ್ದ ಕಾಂಕಾರ್ಡ್ ಚೌಕದಲ್ಲಿ 1836ರ ಅಕ್ಟೋಬರ್ 25ರಂದು ಈಜಿಪ್ಟಿನ ಲಕ್ಸರ್‌ನಿಂದ ತಂದ ಮೂರು ಸಾವಿರ ವರ್ಷ ಹಳೆಯ ಶಿಲಾಸ್ತಂಭವನ್ನು ನಿಲ್ಲಿಸಿದ. ಯಾವ ದೊರೆಯ ವಿಗ್ರಹವಿಟ್ಟರೂ ಒಂದು ಪಕ್ಷ ಮುನಿಯುತ್ತಿದ್ದ ಜಾಗದಲ್ಲಿ, ಫ್ರಾನ್ಸಿನ ಯಾವ ಜಗಳಕ್ಕೂ ಸಂಬಂಧವಿಲ್ಲದ ಕಲ್ಲೊಂದು ನಿಂತಿತು. 1840ರ ಡಿಸೆಂಬರ್ 15ರಂದು, ತನ್ನ ಮಗ ಜ್ವಾನ್ವಿಲ್ ಸೇಂಟ್ ಹೆಲೆನಾ ದ್ವೀಪದಿಂದ ಹಡಗಿನಲ್ಲಿ ತಂದ ನೆಪೋಲಿಯನ್ನನ ಅವಶೇಷಗಳನ್ನು ಇನ್ವಾಲಿದ್ ಮಂದಿರದಲ್ಲಿ ಬರಮಾಡಿಕೊಂಡ. ಇದರಲ್ಲಿ ಔದಾರ್ಯವಿತ್ತು, ಲೆಕ್ಕಾಚಾರವೂ ಇತ್ತು. ಆದರೆ ಕೊರೆಯುವ ಚಳಿಯಲ್ಲಿ ನಿಂತ ಲಕ್ಷಾಂತರ ಜನ ಜಯಕಾರ ಹಾಕಿದ್ದು ಸತ್ತ ಚಕ್ರವರ್ತಿಗೆ.

ಯುರೋಪಿನಲ್ಲಿ ಅವನು ಶಾಂತಿಯನ್ನು ಕಾಯ್ದ. ಬೆಲ್ಜಿಯಂ ಸ್ವತಂತ್ರವಾದಾಗ ಅದರ ಸಿಂಹಾಸನವನ್ನು ತನ್ನ ಮಗನಿಗೆ ಕೊಡಬಂದರೂ ಬ್ರಿಟನ್ನಿನ ಕೋಪ ಬೇಡವೆಂದು ನಿರಾಕರಿಸಿದ. 1840ರಲ್ಲಿ ಈಜಿಪ್ಟಿನ ಪ್ರಶ್ನೆಯ ಮೇಲೆ ತಿಯೇರ್ ಯುದ್ಧದಂಚಿಗೆ ದೇಶವನ್ನು ಒಯ್ದಾಗ ಅವನನ್ನು ಇಳಿಸಿದ. ಆದರೆ ಈ ಶಾಂತಿಪ್ರಿಯತೆ ಮೆಡಿಟರೇನಿಯನ್ ಸಮುದ್ರವನ್ನು ದಾಟಲಿಲ್ಲ. ಶಾರ್ಲನ ಕಾಲದಲ್ಲಿ ಹಿಡಿದ ಅಲ್ಜೀರ್ಸ್ ಪಟ್ಟಣದಿಂದ ಆರಂಭವಾದದ್ದು ಅವನ ಕಾಲದಲ್ಲಿ ಇಡೀ ಅಲ್ಜೀರಿಯವನ್ನು ನುಂಗುವ ಯುದ್ಧವಾಯಿತು. ದಂಡನಾಯಕ ಬ್ಯೂಜೋ ಸುಮಾರು ಒಂದು ಲಕ್ಷ ಸೈನಿಕರನ್ನು ಇಟ್ಟುಕೊಂಡು ಬೆಳೆ ಸುಟ್ಟು, ದನಕರು ಹೊಡೆದೊಯ್ದು, ಬುಡಕಟ್ಟುಗಳನ್ನು ಹಸಿವಿನಿಂದ ಮಣಿಸಿದ. 1845ರ ಜೂನಿನಲ್ಲಿ ದಹ್ರಾ ಬೆಟ್ಟದ ಗುಹೆಗಳಲ್ಲಿ ಆಶ್ರಯ ಪಡೆದಿದ್ದ ಗಂಡಸರು, ಹೆಂಗಸರು, ಮಕ್ಕಳು ನೂರುಗಟ್ಟಲೆ ಮಂದಿಯನ್ನು ಫ್ರೆಂಚ್ ಸೈನಿಕರು ಗುಹೆಯ ಬಾಯಿಯಲ್ಲಿ ಬೆಂಕಿ ಹಾಕಿ ಹೊಗೆಯಿಂದ ಉಸಿರುಗಟ್ಟಿಸಿ ಕೊಂದರು. ಹದಿನೈದು ವರ್ಷ ಎದುರಿಸಿ ನಿಂತ ಎಮಿರ್ ಅಬ್ದುಲ್ ಕಾದಿರ್ 1847ರ ಡಿಸೆಂಬರಿನಲ್ಲಿ, ತನ್ನನ್ನು ಪೂರ್ವದ ಮುಸ್ಲಿಂ ನಾಡಿಗೆ ಕಳುಹಿಸುವ ಮಾತಿನ ಮೇಲೆ, ಶರಣಾದ. ಆ ಮಾತನ್ನು ದೊರೆಯ ಮಗ ಓಮಾಲ್ ಡ್ಯೂಕನೇ ಅನುಮೋದಿಸಿದ್ದ. ಎಮಿರನನ್ನು ಫ್ರಾನ್ಸಿಗೆ ತಂದು ಸೆರೆಯಲ್ಲಿಟ್ಟರು. ಮನೆಯಲ್ಲಿ ಒಬ್ಬ ಕೊಲೆಗಡುಕನ ತಲೆ ತೆಗೆಸಲೂ ಹಿಂದೆಮುಂದೆ ನೋಡುತ್ತಿದ್ದ ದೊರೆಯ ಹೆಸರಿನಲ್ಲೇ ಇದೆಲ್ಲವೂ ನಡೆಯಿತು, ಅವನ ಜೀವನಚರಿತ್ರೆಯಲ್ಲಿ ಇದನ್ನು ಅಡಿಟಿಪ್ಪಣಿಯಾಗಿ ಬರೆಯುವುದನ್ನು ನಾನು ಒಪ್ಪಲಾರೆ.

1842ರ ಜುಲೈ 13ರಂದು ಅವನ ಹಿರಿಯ ಮಗ, ಜನಪ್ರಿಯನೂ ಸುಧಾರಣೆಯ ಬಗ್ಗೆ ಒಲವಿದ್ದವನೂ ಆಗಿದ್ದ ಫರ್ದಿನಾಂದ್, ಬೆದರಿದ ಕುದುರೆಗಳ ಗಾಡಿಯಿಂದ ಕೆಳಗೆ ಬಿದ್ದು ಸತ್ತ. ಉತ್ತರಾಧಿಕಾರಿಯಾಗಿ ಉಳಿದವನು ನಾಲ್ಕು ವರ್ಷವೂ ತುಂಬದ ಮೊಮ್ಮಗ. ಅಲ್ಲಿಂದ ಮುಂದೆ ದೊರೆ ಮುದುಕನಾಗುತ್ತಾ ಹೋದ, ಹಟಮಾರಿಯೂ ಆದ. ಗಿಜೋ 1840ರಿಂದ ಕೊನೆಯವರೆಗೂ ಸರ್ಕಾರದ ನಿಜವಾದ ನಾಯಕ. ವಿದ್ವಾಂಸ, ಶುದ್ಧಹಸ್ತ, ಬದಲಾವಣೆಗೆ ಸುತರಾಂ ಒಪ್ಪದವ. ಮತದ ಹಕ್ಕು ಬೇಕೆಂದವರಿಗೆ ದುಡಿಮೆಯಿಂದಲೂ ಉಳಿತಾಯದಿಂದಲೂ ಶ್ರೀಮಂತರಾಗಿ ಎಂದು ಹೇಳಿದವನು ಅವನೇ. ದೊರೆಗೂ ಅವನಿಗೂ ಎಷ್ಟು ಹೊಂದಿಕೆಯಾಯಿತೆಂದರೆ, ಇಬ್ಬರಲ್ಲಿ ಯಾರೂ ಇನ್ನೊಬ್ಬನಿಗೆ ಅಪ್ರಿಯ ಸತ್ಯ ಹೇಳುವ ಪ್ರಸಂಗವೇ ಬರಲಿಲ್ಲ.

1846ರ ಚುನಾವಣೆಯಲ್ಲಿ ಗಿಜೋಗೆ ಹಿಂದೆಂದೂ ಸಿಗದ ಬಹುಮತ ಸಿಕ್ಕಿತು. ಆದರೆ 459 ಪ್ರತಿನಿಧಿಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಸರ್ಕಾರಿ ನೌಕರರು. ಬಡ್ತಿಯೂ ವರ್ಗಾವಣೆಯೂ ಮಂತ್ರಿಗಳ ಕೈಯಲ್ಲಿದ್ದುದರಿಂದ ಅವರ ಮತ ಯಾವ ಕಡೆಗೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ಆಲೂಗಡ್ಡೆಗೆ ರೋಗ ಬಿತ್ತು, ಗೋಧಿ ಬೆಳೆ ಕೆಟ್ಟಿತು, ರೊಟ್ಟಿಯ ಬೆಲೆ ಏರಿತು; ಸಾಲ ಸಿಗದೆ ರೈಲು ಕಾಮಗಾರಿಗಳು ನಿಂತು ಕೂಲಿಕಾರರು ಬೀದಿಗೆ ಬಂದರು. 1847ರಲ್ಲಿ ಗಣಿಯ ಪರವಾನಗಿಗಾಗಿ ಲಂಚ ಕೊಟ್ಟ, ತೆಗೆದುಕೊಂಡ ಆರೋಪದ ಮೇಲೆ ಇಬ್ಬರು ಮಾಜಿ ಮಂತ್ರಿಗಳು ಮೇಲ್ಮನೆಯ ವಿಚಾರಣೆಗೆ ಒಳಗಾಗಿ ಶಿಕ್ಷೆ ಅನುಭವಿಸಿದರು. ಆ ವರ್ಷದ ಮಾರ್ಚಿನಲ್ಲಿ ಸುಧಾರಣಾವಾದಿಗಳು ಇಟ್ಟ ಬೇಡಿಕೆ ಅತ್ಯಂತ ಮಿತವಾದದ್ದು: 200 ಫ್ರಾಂಕಿನ ಮಿತಿಯನ್ನು 100ಕ್ಕೆ ಇಳಿಸಿ, ಮತದಾರರ ಸಂಖ್ಯೆಗೆ ಇನ್ನು ಎರಡು ಲಕ್ಷದಷ್ಟು ಕೂಡಿಸಬೇಕೆಂಬುದು. ಸಭೆ ಅದನ್ನು 252ಕ್ಕೆ 154ರಂತೆ ತಳ್ಳಿಹಾಕಿತು. ದೊರೆಗೆ ಆಗ ಕೊಡಲು ಇದ್ದದ್ದು ಎಷ್ಟು ಸಣ್ಣ ಸಂಗತಿ ಎಂದು ನೆನೆದಾಗಲೆಲ್ಲ ನನಗೆ ಮರುಕವಾಗುತ್ತದೆ.

ಸಭೆಯಲ್ಲಿ ಸೋತವರು ಊಟದ ಕೂಟಗಳನ್ನು ಏರ್ಪಡಿಸಿದರು; ರಾಜಕೀಯ ಸಭೆಗಳಿಗೆ ಅನುಮತಿ ದುರ್ಲಭವಾಗಿದ್ದ ಕಾಲದಲ್ಲಿ ಹಣ ಕೊಟ್ಟು ಊಟಕ್ಕೆ ಕೂತು ಭಾಷಣ ಕೇಳುವುದಕ್ಕೆ ಅಡ್ಡಿಯಿರಲಿಲ್ಲ. ದೇಶದಾದ್ಯಂತ ಸುಮಾರು ಎಪ್ಪತ್ತು ಕೂಟಗಳು ನಡೆದವು. ಡಿಸೆಂಬರ್ 28ರ ಸಿಂಹಾಸನ ಭಾಷಣದಲ್ಲಿ ದೊರೆ ಇವರನ್ನು ವೈರದಿಂದಲೋ ಕುರುಡುತನದಿಂದಲೋ ಹುಟ್ಟಿದ ಆವೇಶಕ್ಕೆ ಒಳಗಾದವರೆಂದು ಕರೆದ. ಮೂರು ದಿನಗಳ ನಂತರ ತಂಗಿ ಅದೆಲಾಯಿದ್ ತೀರಿಕೊಂಡಳು. ಜನವರಿ 27ರಂದು ರಾಜಕೀಯ ಚಿಂತಕ ಅಲೆಕ್ಸಿ ದ ತೊಕ್ವಿಲ್ ಸಭೆಯಲ್ಲಿ ಎದ್ದು ನಿಂತು, ನಾವು ಜ್ವಾಲಾಮುಖಿಯ ಮೇಲೆ ಮಲಗಿದ್ದೇವೆ ಎಂದು ಎಚ್ಚರಿಸಿದ. ಬಹುಮತದವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಫೆಬ್ರವರಿ 22ಕ್ಕೆ ಪ್ಯಾರಿಸ್ಸಿನಲ್ಲಿ ನಡೆಯಬೇಕಿದ್ದ ಕೂಟವನ್ನು ಸರ್ಕಾರ ನಿಷೇಧಿಸಿತು. ವಿರೋಧಪಕ್ಷದ ನಾಯಕರು ಹಿಂದೆ ಸರಿದರೂ ವಿದ್ಯಾರ್ಥಿಗಳೂ ಕೆಲಸಗಾರರೂ ಬೀದಿಗೆ ಬಂದರು. ನಿರ್ಣಾಯಕವಾದದ್ದು ಮರುದಿನ ನಡೆದದ್ದು. ಅಂಗಡಿಕಾರರು, ಗುಮಾಸ್ತರು, ಮನೆಯುಳ್ಳ ಸಣ್ಣ ಹಿಡುವಳಿಯವರಿಂದ ಕೂಡಿದ ನಾಗರಿಕ ಪಡೆಯೇ ಈ ಆಳ್ವಿಕೆಯ ಆಧಾರಸ್ತಂಭ. 1832ರಲ್ಲೂ 1834ರಲ್ಲೂ ಸಿಂಹಾಸನವನ್ನು ಉಳಿಸಿಕೊಟ್ಟವರು ಅವರು. ಅವರಲ್ಲೂ ಬಹುಮಂದಿಗೆ 200 ಫ್ರಾಂಕಿನ ಮಿತಿಯಿಂದಾಗಿ ಮತವಿರಲಿಲ್ಲ. 23ರಂದು ಅವರ ದಳಗಳು ಗುಂಪಿಗೂ ಸೈನ್ಯಕ್ಕೂ ನಡುವೆ ನಿಂತು ಸುಧಾರಣೆಗೆ ಜಯವಾಗಲಿ ಎಂದು ಕೂಗಿದವು. ಇದನ್ನು ಕೇಳಿದ ದೊರೆ ಕುಸಿದುಹೋದ. ಮಧ್ಯಾಹ್ನ ಗಿಜೋನನ್ನು ಕೈಬಿಟ್ಟ. ಸಂಜೆ ನಗರದಲ್ಲಿ ದೀಪ ಹಚ್ಚಿ ಸಂಭ್ರಮಿಸಿದರು. ರಾತ್ರಿ ವಿದೇಶಾಂಗ ಕಚೇರಿಯ ಮುಂದೆ, ಕಾಪ್ಯುಸೀನ್ ರಸ್ತೆಯಲ್ಲಿ, ಮೆರವಣಿಗೆಯೊಂದನ್ನು ತಡೆದ ಸೈನಿಕರು ಗುಂಡು ಹಾರಿಸಿ ಸುಮಾರು ಐವತ್ತು ಜನರನ್ನು ಕೊಂದರು. ಹೆಣಗಳನ್ನು ಗಾಡಿಯಲ್ಲಿ ಹೇರಿಕೊಂಡು ಪಂಜಿನ ಬೆಳಕಿನಲ್ಲಿ ಬೀದಿಬೀದಿ ಸುತ್ತಿದರು. ಬೆಳಗಾಗುವಷ್ಟರಲ್ಲಿ ಪ್ಯಾರಿಸ್ಸಿನ ತುಂಬ ಅಡ್ಡಗಟ್ಟೆಗಳಿದ್ದವು.

24ರ ಬೆಳಿಗ್ಗೆ ದೊರೆ ಸಮವಸ್ತ್ರ ತೊಟ್ಟು, ಕುದುರೆಯೇರಿ, ಅರಮನೆಯ ಅಂಗಳದಲ್ಲಿ ನಾಗರಿಕ ಪಡೆಯ ಸಾಲುಗಳನ್ನು ನೋಡಲು ಹೋದ. ಮತ್ತೆ ಸುಧಾರಣೆಯ ಕೂಗು. ಅವನು ಮಾತಾಡದೆ ಒಳಗೆ ಹಿಂದಿರುಗಿದ. ಬ್ಯೂಜೋನಂಥ ದಂಡನಾಯಕ ಕೈಯಳತೆಯಲ್ಲಿದ್ದರೂ ನಗರದ ಮೇಲೆ ಪೂರ್ಣ ಬಲಪ್ರಯೋಗಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ಇದನ್ನು ಅಂಜುಬುರುಕುತನವೆಂದು ಹಲವರು ಬರೆದಿದ್ದಾರೆ. ಫಿಯೆಸ್ಕಿಯ ಗುಂಡಿಗೆ ಅಲುಗದವನನ್ನು ಹಾಗೆನ್ನುವುದು ಸರಿಯಲ್ಲ. ತನ್ನನ್ನು ಪಟ್ಟಕ್ಕೆ ತಂದ ಜನರೇ ಎದುರು ನಿಂತಾಗ, ಅವರ ಮೇಲೆ ಗುಂಡು ಹಾರಿಸಿ ಆಳುವ ಹಕ್ಕು ತನಗೆಲ್ಲಿಂದ ಬಂತೆಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲವೆಂದು ನಾನು ಭಾವಿಸುತ್ತೇನೆ. ಶಾರ್ಲನಿಗೆ ದೇವರು ಕೊಟ್ಟ ಹಕ್ಕಿನ ನಂಬಿಕೆಯಿತ್ತು, ನೆಪೋಲಿಯನ್ನನಿಗೆ ಯುದ್ಧದ ಕೀರ್ತಿಯಿತ್ತು. ಇವನಿಗಿದ್ದದ್ದು ಜನರ ಒಪ್ಪಿಗೆ ಮಾತ್ರ, ಅದು ಹೋದ ಮೇಲೆ ಏನೂ ಉಳಿಯಲಿಲ್ಲ. ಮೊಮ್ಮಗನ ಹೆಸರಿಗೆ ಬರೆದ ಪದತ್ಯಾಗವೂ ವ್ಯರ್ಥವಾಯಿತು. ಸೊಸೆ ಮಗುವನ್ನು ಕರೆದುಕೊಂಡು ಸಭೆಗೆ ಹೋದಳು. ಹಿಂದೆಯೇ ಗುಂಪು ನುಗ್ಗಿತು. ಸಂಜೆಗೆ ತಾತ್ಕಾಲಿಕ ಸರ್ಕಾರ ರಚನೆಯಾಗಿ ಗಣರಾಜ್ಯ ಘೋಷಣೆಯಾಯಿತು. ತ್ವೀಲರಿಯಿಂದ ಹೊತ್ತೊಯ್ದ ಸಿಂಹಾಸನವನ್ನು ಬಾಸ್ತೀಯ್ ಚೌಕದಲ್ಲಿ ಸುಟ್ಟರು.

ಗಲ್ಲಮೀಸೆ ಬೋಳಿಸಿಕೊಂಡು, ಲ ಹಾವ್ರ್ ಬಂದರಿನಲ್ಲಿದ್ದ ಬ್ರಿಟಿಷ್ ಕಾನ್ಸಲನ ನೆರವಿನಿಂದ ಸ್ಮಿತ್ ಎಂಬ ಹೆಸರಿನಲ್ಲಿ ಸಮುದ್ರ ದಾಟಿದ ದೊರೆ ಮಾರ್ಚ್ 3ರಂದು ಇಂಗ್ಲೆಂಡಿನ ನ್ಯೂಹೇವನ್‌ನಲ್ಲಿ ಇಳಿದ. ಅಳಿಯನಾದ ಬೆಲ್ಜಿಯಂ ದೊರೆ ಲಿಯೊಪೋಲ್ಡನ ವಶದಲ್ಲಿದ್ದ ಕ್ಲೇರ್‌ಮಾಂಟ್ ಭವನ ಅವನ ಕೊನೆಯ ಮನೆಯಾಯಿತು. ಅದೇ ತಿಂಗಳು ಪ್ಯಾರಿಸ್ಸಿನ ತಾತ್ಕಾಲಿಕ ಸರ್ಕಾರ ವಯಸ್ಕ ಗಂಡಸರೆಲ್ಲರಿಗೂ ಮತದ ಹಕ್ಕು ಕೊಟ್ಟಿತು. ಎರಡೂವರೆ ಲಕ್ಷದಷ್ಟಿದ್ದ ಮತದಾರರು ಸುಮಾರು 90 ಲಕ್ಷವಾದರು. ಏಪ್ರಿಲಿನಲ್ಲಿ ವಸಾಹತುಗಳ ಗುಲಾಮಗಿರಿಯನ್ನು ಅದು ರದ್ದುಮಾಡಿತು. ಹದಿನೆಂಟು ವರ್ಷ ಸಮಿತಿಗಳಲ್ಲೂ ವರದಿಗಳಲ್ಲೂ ಮುಂದೂಡುತ್ತ ಬಂದಿದ್ದ ಕೆಲಸವದು. ಡಿಸೆಂಬರಿನಲ್ಲಿ ಆ ಹೊಸ ಮತದಾರರು ಐವತ್ತು ಲಕ್ಷಕ್ಕೂ ಮಿಕ್ಕ ಮತಗಳಿಂದ ಅಧ್ಯಕ್ಷನನ್ನಾಗಿ ಆರಿಸಿದ್ದು ನೆಪೋಲಿಯನ್ನನ ತಮ್ಮನ ಮಗನಾದ ಲೂಯಿ ನೆಪೋಲಿಯನ್ನನನ್ನು. ಎರಡು ಬಾರಿ ದಂಗೆಗೆ ಯತ್ನಿಸಿ ಸೋತು, ಲೂಯಿ ಫಿಲಿಪ್‌ನ ಸೆರೆಮನೆಯಿಂದ ತಪ್ಪಿಸಿಕೊಂಡಿದ್ದ ಅವನು ಮೂರೇ ವರ್ಷಗಳಲ್ಲಿ ಗಣರಾಜ್ಯವನ್ನೂ ಉರುಳಿಸಿದ. ಅದನ್ನು ಕಾಣಲು ಲೂಯಿ ಫಿಲಿಪ್ ಉಳಿದಿರಲಿಲ್ಲ. 1850ರ ಆಗಸ್ಟ್ 26ರಂದು, ಹೆಂಡತಿಮಕ್ಕಳ ನಡುವೆ, ಕ್ಲೇರ್‌ಮಾಂಟ್‌ನಲ್ಲೇ ತೀರಿಕೊಂಡ. ಅವನನ್ನು ಮೊದಲು ಹತ್ತಿರದ ವೇಬ್ರಿಜ್‌ನ ಪ್ರಾರ್ಥನಾಮಂದಿರದಲ್ಲಿ ಹೂಳಿದರು. 1876ರಲ್ಲಿ, ಮೂರನೆಯ ಗಣರಾಜ್ಯ ನೆಲೆಗೊಳ್ಳುತ್ತಿದ್ದ ಕಾಲಕ್ಕೆ, ಅವನ ಅವಶೇಷಗಳನ್ನು ಫ್ರಾನ್ಸಿನ ದ್ರೂ ಪಟ್ಟಣದಲ್ಲಿರುವ ಮನೆತನದ ಸಮಾಧಿಮಂದಿರಕ್ಕೆ ತಂದು ಇರಿಸಿದರು. ಆ ಗಣರಾಜ್ಯದ ಮೊದಲ ಅಧ್ಯಕ್ಷನಾಗಿದ್ದವನು, ನಲವತ್ತಾರು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಆ ಭಿತ್ತಿಪತ್ರವನ್ನು ಅಂಟಿಸಿದ್ದ ಅದೋಲ್ಫ್ ತಿಯೇರ್.